ಮಂಡಿ ಮೊಹಲ್ಲಾದ ಫೋಟೋ ಕಟ್ಟಿನ ಅಂಗಡಿ: ಐದಕ್ಕೆ ನಾಲ್ಕು ಸ್ಟಾರ್

ಅವಸರ ಇರುವವರು ಈ ಅಂಗಡಿಗೆ ಹೋಗಬೇಡಿ. ನಾಲ್ಕು ದಿನ ಅಂದವರು ನನಗೆ ಹನ್ನೊಂದು ದಿನ ಮಾಡಿದರು. ಯುಪಿಐ ಇಲ್ಲ, ನಗದು ಮಾತ್ರ. ಬೋರ್ಡೂ ಇಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಫೋಟೋಗೆ ಕಟ್ಟು ಹಾಕುವ ಚಾಚಾ ಎಲ್ಲಿ ಅಂತ ಕೇಳಿ, ತೋರಿಸುತ್ತಾರೆ.

ನಾನು ತೆಗೆದುಕೊಂಡು ಹೋಗಿದ್ದು ಹಳೇ ಪೇಪರ್ ಕಟಿಂಗ್. 2008ರಲ್ಲಿ ನಾನು ಕಾಬೂಲಿನಲ್ಲಿದ್ದೆ. ಉತ್ತರ ಆಫ್ಘಾನಿಸ್ತಾನದ ಪುಲಿ ಖುಮ್ರಿಯಿಂದ ಕಾಬೂಲಿಗೆ 202 ಕಿ.ಮೀ. ಕರೆಂಟ್ ಲೈನನ್ನು ನಮ್ಮ ದೇಶದವರು ಎಳೆಯುತ್ತಿದ್ದರು. ಅದರಲ್ಲಿ ನನ್ನದು ಸ್ಟೋರ್ಸ್ ಲೆಕ್ಕ ಬರೆಯುವ ಕೆಲಸ. ಜುಲೈ 7, ಸೋಮವಾರ, ಬೆಳಗ್ಗೆ ಎಂಟೂವರೆ ಸುಮಾರಿಗೆ ನಮ್ಮ ರಾಯಭಾರ ಕಚೇರಿಯ ಗೇಟಿಗೆ ಒಬ್ಬ ಬಾಂಬ್ ತುಂಬಿದ ಕಾರು ನುಗ್ಗಿಸಿದ. ಅದೇ ಹೊತ್ತಿಗೆ ಗೇಟಿಗೆ ಬಂದ ಕಚೇರಿಯ ಕಾರಿನಲ್ಲಿ ಕೌನ್ಸೆಲರ್ ಅಂದರೆ ಹಿರಿಯ ರಾಜತಾಂತ್ರಿಕ ಅಧಿಕಾರಿ ವಿ. ವೆಂಕಟೇಶ್ವರ ರಾವ್ ಮತ್ತು ರಕ್ಷಣಾ ಅಟ್ಯಾಷೆ, ಅಂದರೆ ಕಚೇರಿಯಲ್ಲಿ ನಮ್ಮ ಸೇನೆಯ ಪ್ರತಿನಿಧಿ, ಬ್ರಿಗೇಡಿಯರ್ ರವಿ ದತ್ ಮೆಹ್ತಾ ಇದ್ದರು. ಇಬ್ಬರೂ ಉಳಿಯಲಿಲ್ಲ. ಕಾವಲಿಗಿದ್ದ ಐ.ಟಿ.ಬಿ.ಪಿ.ಯ (ಇಂಡೋ-ಟಿಬೆಟನ್ ಗಡಿ ಪೊಲೀಸ್) ಅಜಯ್ ಪಠಾನಿಯಾ, ರೂಪ್ ಸಿಂಗ್ ಕೂಡ ಹೋದರು. ಒಟ್ಟು 50ಕ್ಕಿಂತ ಜಾಸ್ತಿ ಜನ. ವೀಸಾಗೆ ಸಾಲು ನಿಂತವರು, ರಸ್ತೆಯಲ್ಲಿ ಹೋಗುತ್ತಿದ್ದವರು, ಬಹುಪಾಲು ಆಫ್ಘನ್ನರೇ.

ರಾವ್ ಅವರ ಹತ್ತಿರ ನಾನು ಒಂದು ದಿನವೂ ಮಾತಾಡಿದವನಲ್ಲ. ಆದರೂ ಅವತ್ತು ನಮ್ಮ ಗೆಸ್ಟ್‌ಹೌಸಿನಲ್ಲಿ ಒಲೆ ಹಚ್ಚಲಿಲ್ಲ. ಊರಿಂದ ಫೋನು ಬಂದರೆ "ಚೆನ್ನಾಗಿದ್ದೀನಿ" ಅನ್ನೋದಕ್ಕೂ ನಾಚಿಕೆ ಆಗುತ್ತಿತ್ತು. ರಾವ್ ಮತ್ತು ಮೆಹ್ತಾ ಅವರಿಗೆ ಆಮೇಲೆ ಕೀರ್ತಿ ಚಕ್ರ ಬಂತು. ಲೈನಿನ ಕೆಲಸ ಮುಗಿದು 2009ರಲ್ಲಿ ಕಾಬೂಲಿಗೆ ಕರೆಂಟೂ ಬಂತು. ನಾನು ವಾಪಸ್ ಬಂದೆ. ಆ ನಾಲ್ವರ ಫೋಟೋ ಇದ್ದ ಕಟಿಂಗ್ ಮಾತ್ರ ಟ್ರಂಕಿನಲ್ಲೇ ಇತ್ತು. ಪ್ರತಿ ಜುಲೈನಲ್ಲಿ ತೆಗೆಯೋದು, ನೋಡೋದು, ಮಡಚಿ ಇಡೋದು. ಈ ಸಲ ನನ್ನಾಕೆ "ಗೋಡೆಗಾದರೂ ಹಾಕ್ರೀ" ಅಂದಳು.

ಚಾಚಾ ಮೊದಲು ಬೈದರು. ಹಿಂದೆ ಯಾವುದೋ ಅಂಗಡಿಯಲ್ಲಿ ಒಂದು ಹಾಳೆಗೆ ಲ್ಯಾಮಿನೇಷನ್ ಮಾಡಿಸಿದ್ದೆ, ಒಳಗೆಲ್ಲ ಗುಳ್ಳೆ. ಹಳೇ ಪೇಪರನ್ನು ಗಾಜಿಗೆ ತಾಗಿಸಲೂ ಬಾರದಂತೆ, ಮಳೆಗಾಲದಲ್ಲಿ ಅಂಟಿಕೊಳ್ಳುತ್ತದೆ. ಮಧ್ಯೆ ದಪ್ಪ ಮೌಂಟ್ ಬೋರ್ಡ್ ಇಟ್ಟು, ಅದರಲ್ಲಿ ಕಿಂಡಿ ಕೊಯ್ದು, ಹಿಂದಿನಿಂದ ಫೋಟೋ ಕೂರಿಸುತ್ತಾರೆ. ನಾನು ಐದು ಕಿಂಡಿ ಕೇಳಿದೆ.

"ಫೋಟೋ ನಾಲ್ಕೇ ಇದೆಯಲ್ಲ ಸಾರ್?"

ಐದನೆಯವರು ರಾಯಭಾರ ಕಚೇರಿಯಲ್ಲೇ ಕೆಲಸಕ್ಕಿದ್ದ ಆಫ್ಘನ್. ಅವರೂ ಅವತ್ತೇ ಹೋದವರು. ನನ್ನ ಕಟಿಂಗಿನಲ್ಲಿ ಅವರ ಹೆಸರಿದೆ, ಮುಖ ಇಲ್ಲ. ನಾಲ್ಕು ಕಿಂಡಿಯಾದರೆ ಎರಡೆರಡು ಸಾಲು, ನೋಡೋಕೆ ಚೆಂದ, ಹೆಸರು ಕೆಳಗೆ ಬರೆಸಿ ಅಂದರು ಚಾಚಾ. ನಾನು ಒಪ್ಪಲಿಲ್ಲ. ಚೀಟಿಯಲ್ಲಿ 'ನಿಯಾಮತುಲ್ಲಾ' ಅಂತ ಬರೆದುಕೊಟ್ಟೆ. ಅವರು ಕನ್ನಡಕ ಏರಿಸಿ ಓದಿ, "ನೇಮತುಲ್ಲಾ" ಅಂತ ತಿದ್ದಿದರು. "ಇಟ್ಟು ಹೋಗಿ."

ಹನ್ನೊಂದನೇ ದಿನ ಹೋದಾಗ ನಾಲ್ಕರ ಕೆಳಗೆ, ನಟ್ಟನಡುವೆ, ಐದನೇ ಕಿಂಡಿ. ಅದರಲ್ಲಿ ಕಪ್ಪು ಶಾಯಿಯಲ್ಲಿ ಉರ್ದು ಅಕ್ಷರದಲ್ಲಿ ಹೆಸರು, ಕೆಳಗೆ ಸಣ್ಣದಾಗಿ ಕನ್ನಡ. ಲೇಖನಿಯಲ್ಲಿ ಅವರೇ ಬರೆದಿದ್ದು. ಮೂರು ಸಲ ಬರೆದು ಹರಿದು ಹಾಕಿದರಂತೆ, ಅದಕ್ಕೇ ತಡ. ಬರೆದಿದ್ದಕ್ಕೆ ದುಡ್ಡು ಕೇಳಲಿಲ್ಲ. ಕೊಟ್ಟರೂ ಮುಟ್ಟಲಿಲ್ಲ.

ಒಟ್ಟು 1,650 ರೂಪಾಯಿ. 18ಕ್ಕೆ 24 ಇಂಚು, ಮರದ ಪಟ್ಟಿ, ಹಿಂದೆ ಹಾರ್ಡ್‌ಬೋರ್ಡ್, ಎರಡು ಹುಕ್ಕು. ಸಿಂಥೆಟಿಕ್ ಪಟ್ಟಿಯಾದರೆ ಇನ್ನೂ ಕಮ್ಮಿಗೆ ಆಗುತ್ತದೆ, ಆದರೆ ಅದಕ್ಕೆ ಚಾಚಾ ಮುಖ ಸಿಂಡರಿಸುತ್ತಾರೆ. ಬಲಗಡೆ ಕೆಳಮೂಲೆಯಲ್ಲಿ ಪಟ್ಟಿ ಸರಿಯಾಗಿ ಕೂತಿಲ್ಲ, ಉಗುರು ಹೋಗುವಷ್ಟು ಸಂದು ಇದೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಅದಕ್ಕೆ, ತಡಕ್ಕಲ್ಲ.

ಮೇಲೆ ಹಾರಕ್ಕೆ ಅಂತ ಮೊಳೆ ಹೊಡೆದುಕೊಟ್ಟಿದ್ದಾರೆ. ಹಾರ ಉದ್ದವಾದರೆ ಐದನೇ ಕಿಂಡಿ ಮುಚ್ಚಿಹೋಗುತ್ತದೆ. ನಾವು ಗಿಡ್ಡ ಹಾರ ತರುತ್ತೇವೆ. ಹೋಗುವವರು ಶುಕ್ರವಾರ ಮಧ್ಯಾಹ್ನ ಬಿಟ್ಟು ಹೋಗಿ. ನಮಾಜ್ ಮುಗಿಸಿ, ಊಟ ಮಾಡಿ ಅವರು ಬಾಗಿಲು ತೆಗೆಯುವುದು ಮೂರರ ಮೇಲೆ.