ಉಚಲ್ (ಮುಂಗಡ) ತಗೊಳ್ಳುವ ಮೊದಲು ನಮ್ಮ ಮನೆ ಕಥೆ ಕೇಳಿ

ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ ಕಡೆಯ ನಮ್ಮ ಜನಕ್ಕೆ ಇದನ್ನು ಬರೆಯುತ್ತಿದ್ದೇನೆ. ದಸರಾ ಹತ್ತಿರ ಬಂತು. ಕಬ್ಬು ಕಡಿಯುವ ಟೋಳಿ (ತಂಡ) ಕಟ್ಟಲು ಮುಕಾದಮರು, ಅಂದರೆ ಕೂಲಿಗಳನ್ನು ಕರೆದೊಯ್ಯುವ ಗುತ್ತಿಗೆದಾರರು, ಊರೂರು ಸುತ್ತುತ್ತಿದ್ದಾರೆ.

ಹೋದ ವರ್ಷ ನಮ್ಮ ಅಣ್ಣ, ವೈನಿ (ಅತ್ತಿಗೆ) ಇಬ್ಬರೂ ಒಂದು ಕೊಯ್ತಾ (ಕಬ್ಬು ಕಡಿಯುವ ಗಂಡ-ಹೆಂಡತಿ ಜೋಡಿ) ಅಂತ 80 ಸಾವಿರ ಉಚಲ್ ತಗೊಂಡರು. ಮುಕಾದಮ ಖಾಲಿ ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡ. ಅಣ್ಣನ ಆಧಾರ್ ಕಾರ್ಡನ್ನೂ ಇಟ್ಟುಕೊಂಡ. ನಾನು ಪಕ್ಕದಲ್ಲೇ ನಿಂತಿದ್ದೆ, ಬೇಡ ಅನ್ನಲಿಲ್ಲ.

ತೂಕದ ಚೀಟಿ ಒಂದು ದಿನವೂ ಇವರ ಕೈಗೆ ಸಿಗಲಿಲ್ಲ. ಎಷ್ಟು ಟನ್ ಕಡಿದರು ಅನ್ನುವುದು ಮುಕಾದಮನ ವಹಿಯಲ್ಲಿ ಮಾತ್ರ. ಜನವರಿಯಲ್ಲಿ ವೈನಿ ಜ್ವರ ಬಂದು ಆರು ದಿನ ಮಲಗಿದರು. ಆರೂ ದಿನಕ್ಕೆ ಮುಕಾದಮ ಖಾಡಾ (ಗೈರುಹಾಜರಿಯ ದಂಡ) ಹಿಡಿದ. ಊರಿಗೆ ಕರೆದುಕೊಂಡು ಹೋಗ್ತೀನಿ ಅಂತ ಅಣ್ಣ ಅಂದರೆ, ‘ಬಾಕಿ ದುಡ್ಡು ಇಟ್ಟು ಹೋಗು’ ಅಂದ. ಐದು ತಿಂಗಳು ದುಡಿದ ಮೇಲೆ ಲೆಕ್ಕ ಮಾಡಿದರೆ ಇನ್ನೂ 34 ಸಾವಿರ ಬಾಕಿ! ಮುಂದಿನ ಹಂಗಾಮಿಗೂ ಬರಬೇಕು, ಇಲ್ಲದಿದ್ದರೆ ದುಡ್ಡು ಇಡಬೇಕು. ಅವ್ವ ಎಮ್ಮೆ ಮಾರಿ ಕೊಟ್ಟಳು.

ಆ ಎಮ್ಮೆ ಮಾರಬೇಕಾಗಿರಲಿಲ್ಲ ಅಂತ ಆಮೇಲೆ ತಿಳಿಯಿತು. ಜೀತ ಅಂದರೆ ಗೌಡರ ವಾಡೆಯಲ್ಲಿ ತಲೆತಲಾಂತರ ದುಡಿಯುವುದು ಅಷ್ಟೇ ಅಂದುಕೊಂಡಿದ್ದೆ. ಮುಂಗಡ ಕೊಟ್ಟು, ಅದು ತೀರುವ ತನಕ ಬಿಟ್ಟು ಹೋಗಲು, ಬೇರೆ ಕಡೆ ದುಡಿಯಲು ಬಿಡದಿದ್ದರೆ ಅದೂ ಜೀತವೇ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇದೆ. ಅಂಥ ಸಾಲವನ್ನು ತೀರಿಸಬೇಕಾಗಿಯೇ ಇಲ್ಲ. ವಸೂಲಿ ಮಾಡಿದವನಿಗೇ 3 ವರ್ಷದವರೆಗೆ ಜೈಲು. ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡುವ ಹೊಣೆಯೂ ಸಾಲ ಕೊಟ್ಟವನದು, ನಮ್ಮದಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೆ ಅದೂ ಬಲವಂತದ ದುಡಿಮೆ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ದಿಲ್ಲಿಯ ಏಷ್ಯನ್ ಗೇಮ್ಸ್ ಕಟ್ಟಡಗಳಿಗೆ ದುಡಿದ ಕೂಲಿಗಳ ಕೇಸು ಅದು. ಇದನ್ನೆಲ್ಲ ಹೇಳಿದಾಗ ಅವ್ವ ಏನೂ ಮಾತಾಡಲಿಲ್ಲ. ಖಾಲಿ ಗೂಟ ನೋಡುತ್ತ ಸುಮ್ನೆ ಕೂತಳು.

ಹೊಟ್ಟೆಪಾಡು, ಹೋಗಲೇಬೇಕು ಅಲ್ವಾ? ಹೋಗಿ. ಆದರೆ ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಆಧಾರ್ ಕೊಡಬೇಡಿ. ಪ್ರತಿ ಗಾಡಿಯ ತೂಕದ ಚೀಟಿಗೆ ಮೊಬೈಲಿನಲ್ಲಿ ಫೋಟೋ ಹೊಡೆದಿಡಿ. ತಡೆದು ಹಿಡಿದರೆ ಕಲೆಕ್ಟರಿಗೋ ಪ್ರಾಂತರಿಗೋ (ಉಪವಿಭಾಗಾಧಿಕಾರಿ) ಅರ್ಜಿ ಕೊಡಿ, ಜೀತದಿಂದ ಬಿಡುಗಡೆಯಾದ ಪತ್ರ ಕೇಳಿ. ಸರ್ಕಾರದ ಪರಿಹಾರಕ್ಕೆ ಆ ಪತ್ರ ಬೇಕಾಗುತ್ತದೆ.

ಅಣ್ಣನ ಆಧಾರ್ ಇನ್ನೂ ವಾಪಸ್ ಬಂದಿಲ್ಲ. ನಾವು ಅರ್ಜಿ ಬರೆದಿಟ್ಟಿದ್ದೇವೆ, ಸೋಮವಾರ ಪ್ರಾಂತ ಕಚೇರಿಗೆ ಹೊರಟಿದ್ದೇವೆ. ನಿಮ್ಮ ಮನೆಯವರನ್ನೂ ಬಾಕಿ ಹೇಳಿ ಹೆದರಿಸುತ್ತಿದ್ದರೆ ಜೊತೆಗೆ ಬನ್ನಿ.