ಕೂಸಿಗೆ ಈಗಲೇ ಜ್ಞಾನಸ್ನಾನವೋ, ದೊಡ್ಡದಾದ ಮೇಲೋ?

ಕಾಸರಗೋಡಿನ ನಮ್ಮ ಪಕ್ಕದ ಮನೆಯಲ್ಲಿ ಇದೇ ಚರ್ಚೆ. ಜ್ಞಾನಸ್ನಾನ ಅಂದರೆ ಕ್ರೈಸ್ತ ಸಭೆಗೆ ಸೇರಿಸುವ ನೀರಿನ ಸಂಸ್ಕಾರ. ತಾಯಿ ಕಥೋಲಿಕ, ತಂದೆ ಪೆಂತೆಕೋಸ್ತ್; ಎರಡೂ ಕ್ರೈಸ್ತ ಪಂಗಡಗಳೇ.

ಕಥೋಲಿಕರು ಕೂಸಿನ ತಲೆಗೆ ನೀರು ಹೊಯ್ಯುತ್ತಾರೆ. ಮೊದಲ ಮನುಷ್ಯ ಆದಾಮನಿಂದ ಬಂದ ಜನ್ಮಪಾಪ ತೊಳೆದು ಹೋಗುತ್ತದೆ, ಆದರೆ ಕೆಟ್ಟದ್ದರ ಕಡೆಗಿನ ಸೆಳೆತ ಉಳಿಯುತ್ತದೆ ಅನ್ನುತ್ತಾರೆ. ಸಂತ ಅಗಸ್ಟೀನರು (354–430) ಹಾಲು ಕುಡಿಯುವ ಕೂಸಿನ ಹೊಟ್ಟೆಕಿಚ್ಚಿನಲ್ಲೇ ಪಾಪದ ಗುರುತು ಕಂಡವರು! ಜ್ಞಾನಸ್ನಾನ ಆದವರೂ ಬೈಬಲಿನಲ್ಲಿ ತಮ್ಮನನ್ನೇ ಕೊಂದ ಕಾಯಿನನ ಹಾಗೆ ಕೈ ಎತ್ತುತ್ತಾರಲ್ವಾ? ಅದಕ್ಕೆ ಆ ಸೆಳೆತವೇ ಉತ್ತರ. ನನಗಂತೂ ಈ ಮಾತು ಒಪ್ಪುತ್ತದೆ.

ಪೆಂತೆಕೋಸ್ತಿನವರು ತಾವೇ ನಂಬಿ ಬಂದವರನ್ನು ಪೂರ್ತಿ ಮುಳುಗಿಸುತ್ತಾರೆ. ನೀರು ಆ ನಂಬಿಕೆಗೆ ಸಾಕ್ಷಿ, ಅಷ್ಟೇ. ಕೂಸಿಗಾದರೆ ಬರೀ ಪ್ರಾರ್ಥನೆ.

ಒಂದು ತೊಡಕಿದೆ. ಕಥೋಲಿಕರಲ್ಲಿ ಜ್ಞಾನಸ್ನಾನ ಒಮ್ಮೆ ಮಾತ್ರ. ಪೆಂತೆಕೋಸ್ತಿನವರು ಸಾಮಾನ್ಯವಾಗಿ ಕೂಸಿನದನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಮಾಡಿಸುತ್ತಾರೆ. ಎರಡೂ ಕಡೆಯ ಅಜ್ಜಿಯರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.