ತ್ರಾಸಿಯಿಂದ ಒತ್ತಿನೆಣೆಗೆ ಕಡಲ ಬದಿಯ ನಡಿಗೆ: ಖಂಡಿತ ಹೋಗಿ, ಮರವಂತೆಯ ತುಂಡು ಮಾತ್ರ ಬಿಡಿ

ಮಂಗಳೂರಿನಲ್ಲಿ ಇರುವ ನಮಗೆ ಕಡಲು ಅಂದ್ರೆ ಪಣಂಬೂರು, ತಣ್ಣೀರುಬಾವಿ, ಹೆಚ್ಚೆಂದರೆ ಮಲ್ಪೆ. ಕುಂದಾಪುರ ದಾಟಿದ ಮೇಲೆ ಬೈಂದೂರು, ಶಿರೂರಿನವರೆಗೆ ಇರುವ ಉಡುಪಿ ಜಿಲ್ಲೆಯ ಬಡಗು ತುದಿಯ ಕಡಲತೀರವನ್ನು ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಬಸ್ಸಿನ ಕಿಟಕಿಯಿಂದ. ಅದೂ ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ ಕಾಣುವ ಆ ಕೆಲವೇ ನಿಮಿಷ. ಅದರಾಚೆ ನಾವುಂದ, ಕಿರಿಮಂಜೇಶ್ವರ, ಉಪ್ಪುಂದ, ಪಡುವರಿ ಊರುಗಳ ಪಡುಬದಿಗೆ ಹೆದ್ದಾರಿಗೆ ಕಾಣದ ಉದ್ದನೆಯ ತೀರ ಇದೆ. ಅಲ್ಲಿ ಮಳೆ ಮುಗಿದ ಮೇಲೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ, ಜನರನ್ನು ನಡೆಸಿಕೊಂಡು ಹೋಗುವ ಒಂದು ಕುಟುಂಬ ಇದೆ. ಈ ವಿಮರ್ಶೆ ಅವರ ಸೇವೆಯದ್ದು.

ಕಂಪೆನಿ ಇಲ್ಲ, ಬೋರ್ಡಿಲ್ಲ, ಹೆಸರೂ ಇಲ್ಲ. ವರ್ಷಗಟ್ಟಲೆ ನಾಡದೋಣಿಯಲ್ಲಿ ದುಡಿದ ಹಿರಿಯ ಮೀನುಗಾರರೊಬ್ಬರು ಮುಂದೆ ನಡೆಯುತ್ತಾರೆ, ಅವರ ಅಳಿಯ ಕೊನೆಯಲ್ಲಿ ಬರುತ್ತಾನೆ, ಊಟ ಮತ್ತು ರಾತ್ರಿಯ ವಸತಿ ಅವರ ಮನೆಯಲ್ಲೇ. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆದೆವು, ಇಲ್ಲೂ ಹಾಗೇ ಕರೆಯುತ್ತೇನೆ. ಪರಿಚಯದವರ ಮೂಲಕ ಫೋನು ಮಾಡಿ ದಿನ ಗೊತ್ತು ಮಾಡಬೇಕು. ಎರಡು ದಿನದ ನಡಿಗೆ, ತ್ರಾಸಿಯಿಂದ ಬೈಂದೂರಿನ ಒತ್ತಿನೆಣೆವರೆಗೆ, ಒಟ್ಟು ಇಪ್ಪತ್ತು ಕಿಲೋಮೀಟರಿನ ಮೇಲಾಗುತ್ತದೆ. ತಲೆಗೆ 2,200 ರೂಪಾಯಿ, ಊಟ ವಸತಿ ಸೇರಿ. ಹತ್ತು ಜನಕ್ಕಿಂತ ಜಾಸ್ತಿ ಕರೆದುಕೊಂಡು ಹೋಗುವುದಿಲ್ಲ.

ಮೊದಲು ದಿನಾಂಕದ ವಿಚಾರ. ಹೆಚ್ಚಿನವರಿಗೆ ಕಿರಿಕಿರಿ ಆಗುವುದು ಇಲ್ಲೇ. ನಮಗೆ ರಜೆ ಇರುವ ದಿನ ಅವರು ಒಪ್ಪುವುದಿಲ್ಲ. ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನದ ಸುತ್ತಮುತ್ತ ಮಾತ್ರ ನಡಿಗೆ. ಆಗ ಇಳಿತದಲ್ಲಿ ನೀರು ತುಂಬಾ ಹಿಂದೆ ಸರಿಯುತ್ತದೆ, ಅಷ್ಟಮಿಯ ಹತ್ತಿರ ಅಷ್ಟು ಸರಿಯುವುದಿಲ್ಲ. ಇದು ಯಾಕೆ ಮುಖ್ಯ ಅಂತ ನಡೆದ ಮೇಲೆ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಕಡಲು ದಂಡೆಯ ಮರಳನ್ನು ಎಳೆದುಕೊಂಡು ಹೋಗುತ್ತದೆ, ಬೇಸಿಗೆಯತ್ತ ಹೋದ ಹಾಗೆ ಅದೇ ಮರಳನ್ನು ನಿಧಾನಕ್ಕೆ ತಂದು ಹಾಕುತ್ತದೆ. ಅಂದ್ರೆ ಅಕ್ಟೋಬರ್-ನವೆಂಬರಿನಲ್ಲಿ ದಂಡೆ ಇನ್ನೂ ಕಿರಿದು, ಇಳಿಜಾರು ಜಾಸ್ತಿ. ಒಣ ಮರಳಿನಲ್ಲಿ ನಡೆದರೆ ಕಾಲು ಹೂತು ಅರ್ಧ ಗಂಟೆಗೆ ಮೀನಖಂಡ ನೋಯುತ್ತದೆ. ನೀರು ಇಳಿದಾಗ ಮಾತ್ರ ಕೆಳಗೆ ಗಟ್ಟಿ ಹಸಿ ಮರಳಿನ ಪಟ್ಟಿ ಸಿಗುತ್ತದೆ, ಅದರ ಮೇಲೆ ಎಷ್ಟು ದೂರ ಬೇಕಾದರೂ ನಡೆಯಬಹುದು. ನಾವು ದೀಪಾವಳಿ ಅಮಾವಾಸ್ಯೆ ಕಳೆದ ವಾರಾಂತ್ಯದಲ್ಲಿ ಹೋಗಿದ್ದೆವು. ಮೊದಲ ದಿನ ಬೆಳಕು ಹರಿಯುವ ಮುಂಚೆಯೇ ಹೊರಟದ್ದು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದಲ್ವಾ, ಹಾಗಾಗಿ ಎರಡನೇ ದಿನ ಸ್ವಲ್ಪ ಜಾಸ್ತಿ ಮಲಗಲು ಸಿಕ್ಕಿತು. ಮಧ್ಯಾಹ್ನದ ಮೊದಲೇ ನಡಿಗೆ ಮುಗಿಸುತ್ತಾರೆ, ಅದಕ್ಕೂ ಕಾರಣ ಇದೆ. ಹಿಂಗಾರಿನ ಗುಡುಗು ಸಿಡಿಲು ಬರುವುದು ಸಾಮಾನ್ಯವಾಗಿ ಮಧ್ಯಾಹ್ನದ ನಂತರ, ಬಯಲು ಮರಳಿನ ಮೇಲೆ ನಿಂತವರಿಗಿಂತ ಎತ್ತರದ್ದು ಹತ್ತಿರದಲ್ಲಿ ಏನೂ ಇರುವುದಿಲ್ಲ.

ಈಗ ನನ್ನ ದೂರು. ತ್ರಾಸಿಯಿಂದ ಶುರುವಾಗುವ ಮೊದಲ ತುಂಡು ಚೆನ್ನಾಗಿಲ್ಲ. ಕಡಲ್ಕೊರೆತ ತಡೆಯಲು ಮರವಂತೆಯಲ್ಲಿ ದಂಡೆಯುದ್ದಕ್ಕೂ ಕಲ್ಲು ಹಾಕಿದ್ದಾರೆ, ಕಡಲಿನೊಳಗೆ ಚಾಚಿದ ಕಲ್ಲಿನ ಅಡ್ಡಗೋಡೆಗಳೂ ಇವೆ. ಆ ಕೆಲಸ ಬೇಕಿತ್ತು, ಇಲ್ಲದಿದ್ದರೆ ಹೆದ್ದಾರಿಗೇ ಅಪಾಯ ಇತ್ತು. ಆದರೆ ನಡೆಯುವವರಿಗೆ ಅಲ್ಲಿ ಮರಳು ಸಿಗುವುದು ಕಡಿಮೆ, ಬಹಳ ಹೊತ್ತು ಹೆದ್ದಾರಿಯ ಅಂಚಿನಲ್ಲೇ ನಡೆಯಬೇಕು. ಬೆಳಗಿನ ಜಾವ, ಕತ್ತಲು, ಪಕ್ಕದಲ್ಲಿ ಲಾರಿಗಳು. ನಮ್ಮ ಜೊತೆ ಒಬ್ಬ ಅಮ್ಮ ಹತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದರು, ಅವರಿಗೆ ಆ ಒಂದು ಗಂಟೆ ತುಂಬಾ ಹೆದರಿಕೆಯಲ್ಲಿ ಹೋಯಿತು. ಮರವಂತೆಯನ್ನು ನೋಡಲೇಬೇಕು ಅನ್ನುವವರಿಗೆ ಗಾಡಿ ನಿಲ್ಲಿಸಿ ನೋಡಿದರೆ ಸಾಕು. ನಡಿಗೆಯನ್ನು ಅದರ ಬಡಗಿಗೆ, ನಾವುಂದದ ಕಡೆಯಿಂದ ಶುರು ಮಾಡಿ ಅಂತ ಅಣ್ಣನಿಗೆ ಹೇಳಿ ಬಂದಿದ್ದೇನೆ. ನೀವೂ ಹೋಗುವ ಮೊದಲು ಫೋನಿನಲ್ಲೇ ಕೇಳಿಕೊಳ್ಳಿ.

ಅಲ್ಲಿಂದ ಮುಂದೆ ತೀರ ನಿಜಕ್ಕೂ ಬೇರೆಯದೇ. ಗಾಳಿಮರದ ಸಾಲು, ಅಲ್ಲಲ್ಲಿ ಮುಂಡಿಗೆಯ ಪೊದೆ, ಮರಳಿಗೆ ಅಂಟಿಕೊಂಡು ಹಬ್ಬಿದ ಅಡುಂಬು ಬಳ್ಳಿ, ಅದರ ನೇರಳೆ ಹೂವು. ಬಳ್ಳಿಯ ಮೇಲೆ ಕಾಲಿಡಲು ಅಣ್ಣ ಬಿಡುವುದಿಲ್ಲ, ಮರಳನ್ನು ಹಿಡಿದು ನಿಲ್ಲಿಸುವುದೇ ಅದು ಅಂತ. ಚಳಿಗಾಲಕ್ಕೆ ಬಡಗಿನಿಂದ ಬಂದ ಸಣ್ಣ ಸಣ್ಣ ಹಕ್ಕಿಗಳು ಅಲೆಯ ಅಂಚಿನಲ್ಲಿ ಓಡುತ್ತಿದ್ದವು, ಗರುಡಗಳು ತೆಂಗಿನ ತಲೆಯ ಮೇಲೆ ಕೂತಿದ್ದವು. ಕಸವೂ ಇದೆ, ಮುಚ್ಚಿಡುವುದಿಲ್ಲ. ಮಳೆಗಾಲದಲ್ಲಿ ಹೊಳೆಗಳು ಕಡಲಿಗೆ ಒಯ್ದದ್ದೆಲ್ಲ ವಾಪಸ್ ದಂಡೆಗೆ ಬಂದು ಬಿದ್ದಿರುತ್ತದೆ, ಬಾಟಲಿ, ಚಪ್ಪಲಿ, ಥರ್ಮೊಕೋಲು, ಹರಿದ ಬಲೆ. ಹರಿದ ಬಲೆ ಕಂಡಲ್ಲೆಲ್ಲ ಅಳಿಯ ಅದನ್ನು ಎಳೆದು ಮೇಲೆ ಹಾಕುತ್ತಾ ಬಂದ, ಅದು ಮತ್ತೆ ಕಡಲಿಗೆ ಹೋದರೆ ಆಮೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ನಾವುಂದ ದಾಟಿ ಸ್ವಲ್ಪ ದೂರ ಹೋದ ಮೇಲೆ ಕೈರಂಪಣಿ ಎಳೆಯುತ್ತಿದ್ದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದು ಎಲ್ಲರಿಗೂ ಗೊತ್ತು. ಆದರೆ ದಂಡೆಯಿಂದ ಕೈಯಲ್ಲಿ ಎಳೆಯುವ ಈ ಬಲೆಗೆ ಕಡಲು ಶಾಂತ ಆಗಬೇಕು, ಹಾಗಾಗಿ ಮಳೆ ಮುಗಿದ ಮೇಲಿನ ತಿಂಗಳುಗಳೇ ಇದಕ್ಕೆ ಒಳ್ಳೆಯದು. ಸಣ್ಣ ದೋಣಿಯಲ್ಲಿ ಹೋಗಿ ಅರ್ಧ ಸುತ್ತು ಬಲೆ ಬಿಟ್ಟು ಬರುತ್ತಾರೆ, ಎರಡು ತುದಿಯ ಹಗ್ಗವನ್ನು ದಂಡೆಯಲ್ಲಿ ನಿಂತ ಎರಡು ಗುಂಪು ಎಳೆಯುತ್ತಾ ನಿಧಾನಕ್ಕೆ ಹತ್ತಿರ ಬರುತ್ತದೆ. ಅಣ್ಣ ನಮ್ಮನ್ನೂ ಹಗ್ಗಕ್ಕೆ ಹಚ್ಚಿದರು. ಹೊರಗಿನಿಂದ ನೋಡುವಾಗ ಸುಮ್ನೆ ಎಳೆದ ಹಾಗೆ ಕಾಣುತ್ತದೆ, ಆದರೆ ಅಲೆ ಹಿಂದೆ ಹೋಗುವಾಗ ಹಿಡಿದು ನಿಲ್ಲಬೇಕು, ಅಲೆ ಬರುವಾಗ ಅದರ ಜೊತೆ ಎಳೆಯಬೇಕು, ಅದು ತಪ್ಪಿದರೆ ಅಂಗೈ ಸುಲಿಯುತ್ತದೆ. ಬಂದದ್ದು ಬಂಗುಡೆ, ಸ್ವಲ್ಪ ಬೈಗೆ. ಎಳೆದವರಿಗೆಲ್ಲ ಪಾಲು ಹಾಕಿದರು, ನಮ್ಮ ಗುಂಪಿಗೂ ಒಂದು ಪಾಲು ಬಂತು. ಇದು ಪ್ರವಾಸಿಗರಿಗೆ ಅಂತ ಮಾಡಿದ ಆಟ ಅಲ್ಲ, ಅವತ್ತು ಬಲೆ ಹಾಕದಿದ್ದರೆ ಇದು ನಿಮಗೆ ಸಿಗುವುದೂ ಇಲ್ಲ. ನನಗೆ ಇಡೀ ಎರಡು ದಿನದಲ್ಲಿ ತುಂಬಾ ಇಷ್ಟವಾದ ಹೊತ್ತು ಅದೇ.

ಆ ಬಂಗುಡೆ ಮಧ್ಯಾಹ್ನ ಸಾರಾಯಿತು. ಊಟದ ಬಗ್ಗೆ ಜಾಸ್ತಿ ಹೇಳುವುದು ಬೇಡ, ಕುಚ್ಚಲಕ್ಕಿ ಗಂಜಿ, ಮೀನು ಸಾರು, ಒಣ ಚಟ್ಲಿ (ಸಿಗಡಿ) ಚಟ್ನಿ, ಮೀನು ತಿನ್ನದವರಿಗೆ ಹುರುಳಿ ಸಾರು ಮತ್ತು ಹಪ್ಪಳ. ಹೊಟ್ಟೆ ತುಂಬಾ ಹಾಕುತ್ತಾರೆ. ಮಲಗಲು ಹಜಾರದಲ್ಲಿ ಚಾಪೆ, ಫ್ಯಾನು ಇದೆ. ಬಾತ್‌ರೂಮು ಒಂದೇ, ಹತ್ತು ಜನಕ್ಕೆ ಅದು ಸಾಲುವುದಿಲ್ಲ. ದಾರಿಯಲ್ಲಂತೂ ಹೆಂಗಸರಿಗೆ ವ್ಯವಸ್ಥೆ ಏನೂ ಇಲ್ಲ. ನಡುವೆ ಪರಿಚಯದ ಒಂದೆರಡು ಮನೆಗಳನ್ನು ಮೊದಲೇ ಮಾತಾಡಿ ಇಟ್ಟುಕೊಂಡರೆ ಈ ತೊಂದರೆ ಮುಗಿಯುತ್ತದೆ, ಆ ಊರಿನಲ್ಲಿ ಅಣ್ಣನ ಪರಿಚಯ ಇಲ್ಲದ ಮನೆಯೇ ಇಲ್ಲ. ಇದನ್ನು ಅವರು ಬೇಗ ಮಾಡಬೇಕು. ನನ್ನ ಅಕ್ಕ ಇನ್ನೊಮ್ಮೆ ಬರುವುದಿಲ್ಲ ಅಂದದ್ದು ಇದೊಂದೇ ಕಾರಣಕ್ಕೆ.

ರಾತ್ರಿ ಊಟ ಆದ ಮೇಲೆ ಮತ್ತೆ ದಂಡೆಗೆ ಕರೆದುಕೊಂಡು ಹೋದರು. ಬ್ಯಾಟ್ರಿ, ಮೊಬೈಲ್ ಬೆಳಕು ಎಲ್ಲ ಬಂದ್. ಕುಂದಾಪುರದ ಕೋಡಿಯಿಂದ ಹಿಡಿದು ಈ ತೀರದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ, ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ. ಅವು ಜಾಸ್ತಿ ಬರುವುದು ಚಳಿಗಾಲ ಶುರುವಾದ ಮೇಲೆ. ಬೆಳಕು ಕಂಡರೆ ತಾಯಿ ಆಮೆ ವಾಪಸ್ ಹೋಗಬಹುದು, ಮರಿಗಳು ಕಡಲು ಬಿಟ್ಟು ಬೆಳಕಿನ ಕಡೆ ನಡೆದು ಸಾಯುತ್ತವೆ. ನಮಗೆ ಆಮೆ ಕಾಣಲಿಲ್ಲ. ಆದರೆ ಅಲೆ ಒಡೆಯುವಲ್ಲಿ ನೀಲಿ ಮಿಂಚು ಕಂಡಿತು. ನಾಕ್ಟಿಲ್ಯೂಕ ಅನ್ನುವ, ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಸಣ್ಣ ಜೀವಿ, ನೀರು ಅಲುಗಿದಾಗ ಹೊಳೆಯುತ್ತದೆ. 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯಲ್ಲಿ ಇದು ಜೋರಾಗಿ ಕಂಡು ಪತ್ರಿಕೆಗಳಲ್ಲೆಲ್ಲ ಬಂದಿತ್ತು, ನೆನಪಿರಬಹುದು. ನಾವು ನೋಡಿದ್ದು ಅಷ್ಟು ಜೋರಲ್ಲ, ಒಂದೊಂದು ಅಲೆಗೆ ಒಂದು ಗೆರೆ. ಅಮಾವಾಸ್ಯೆಯ ಕತ್ತಲು ಇದ್ದದ್ದಕ್ಕೆ ಅಷ್ಟಾದರೂ ಕಂಡಿತು, ಹುಣ್ಣಿಮೆಗೆ ಹೋಗುವವರು ಇದರ ಆಸೆ ಇಟ್ಟುಕೊಳ್ಳಬೇಡಿ.

ಎರಡನೇ ದಿನದ ಬೆಳಿಗ್ಗೆ ನಡೆದದ್ದಕ್ಕೇ ನಾನು ಈ ವಿಮರ್ಶೆ ಬರೆಯುತ್ತಿರುವುದು. ಉಪ್ಪುಂದದಿಂದ ಬಡಗಿಗೆ ನಡೆದರೆ ಬೈಂದೂರು ಹೊಳೆ ಕಡಲು ಸೇರುವ ಅಳಿವೆ ಸಿಗುತ್ತದೆ. ಆಚೆ ದಡದಲ್ಲಿ ಸೋಮೇಶ್ವರ ದೇವಸ್ಥಾನ ಕಾಣುತ್ತದೆ. ಇದು ಪಡುವರಿಯ ಸೋಮೇಶ್ವರ, ನಮ್ಮ ಉಳ್ಳಾಲದ್ದಲ್ಲ. ನೀರು ಇಳಿದಿತ್ತು, ನಡುವೆ ಮರಳಿನ ದಿಬ್ಬವೂ ಎದ್ದಿತ್ತು, ಸೊಂಟದವರೆಗೆ ನೆನೆದರೆ ದಾಟಬಹುದು ಅಂತಲೇ ನಮಗೆಲ್ಲ ಅನಿಸಿತು. ಗುಂಪಿನ ಇಬ್ಬರು ಹುಡುಗರು ಪ್ಯಾಂಟು ಮಡಚಿಯೂ ಆಗಿತ್ತು. ಅಣ್ಣ ಸ್ವಲ್ಪ ಹೊತ್ತು ನೀರನ್ನೇ ನೋಡಿದರು. ಆಮೇಲೆ, "ಹ್ವಾಯ್, ಇವತ್ತ್ ದಾಟೂದ್ ಬ್ಯಾಡ. ನೀರಿನ್ ಬಣ್ಣ ಕಾಣಿ" ಅಂದರು. ಹೊಳೆ ಕೆಂಪಗಿತ್ತು, ಹಸಿ ಎಲೆ, ಅಡಿಕೆಯ ಹಾಳೆ ತೇಲಿ ಬರುತ್ತಿದ್ದವು. ಹಿಂದಿನ ಸಂಜೆ ಕಡಲ ಬದಿಗೆ ಒಂದು ಹನಿ ಬಿದ್ದಿರಲಿಲ್ಲ, ಆದರೆ ಘಟ್ಟದ ಬುಡದಲ್ಲಿ ಮಳೆ ಹೊಡೆದಿತ್ತು. ಇಳಿತದ ನೀರು ಹೊರಗೆ ಎಳೆಯುತ್ತಿರುವಾಗ ಅದರ ಮೇಲೆ ಮಳೆ ನೀರೂ ಸೇರಿದರೆ ಸೊಂಟದಷ್ಟು ನೀರೂ ಆಳನ್ನು ಕಡಲಿಗೆ ಒಯ್ಯುತ್ತದೆ, ದಿಬ್ಬದ ಮರಳೂ ಕಾಲಡಿಯಿಂದ ಜಾರುತ್ತದೆ. ಮಳೆಗಾಲ ಮುಗಿದ ಹೊಸತರಲ್ಲಿ ಅಳಿವೆಯ ದಾರಿ ವಾರದಿಂದ ವಾರಕ್ಕೆ ಬದಲಾಗುತ್ತಿರುತ್ತದೆ, ಹೋದ ವಾರ ದಾಟಿದ ಜಾಗ ಅಂತ ನಂಬುವ ಹಾಗೂ ಇಲ್ಲ.

ಹುಡುಗರು ವಾದ ಮಾಡಿದರು. ದುಡ್ಡು ಕೊಟ್ಟಿದ್ದೇವೆ, ಅಳಿವೆ ದಾಟುವುದೇ ಮುಖ್ಯ ಅಂತ ಹೇಳಿದ್ದರಲ್ಲ ಅಂದರು. ಅಣ್ಣ ಸಿಟ್ಟು ಮಾಡಲಿಲ್ಲ, ಒಪ್ಪಲೂ ಇಲ್ಲ. ಬೇಕಾದರೆ ದುಡ್ಡು ವಾಪಸ್ ಕೊಡುತ್ತೇನೆ ಅಂದು ತಿರುಗಿ ನಡೆದರು. ತೋಟದ ದಾರಿಯಲ್ಲಿ ಹೆದ್ದಾರಿಗೆ ಬಂದು, ಸೇತುವೆ ದಾಟಿ, ಆಟೋ ಹಿಡಿದು ಸೋಮೇಶ್ವರಕ್ಕೆ ಹೋಗುವಾಗ ಒಂದೂವರೆ ಗಂಟೆ ಜಾಸ್ತಿಯಾಯಿತು. ಆಟೋದ ಬಾಡಿಗೆಯನ್ನೂ ಅವರೇ ಕೊಟ್ಟರು. ನಮ್ಮ ಕರಾವಳಿಯಲ್ಲಿ ಪ್ರತಿ ವರ್ಷ ಹೊರಗಿನಿಂದ ಬಂದವರು ಇಂಥ ಜಾಗಗಳಲ್ಲಿ ನೀರುಪಾಲಾದ ಸುದ್ದಿ ಓದುತ್ತೇವೆ. ಹಗ್ಗ, ಲೈಫ್ ಜಾಕೆಟು, ಬಣ್ಣದ ಟೀಶರ್ಟು ಎಲ್ಲ ಇರುವ ತಂಡಗಳ ಜೊತೆಗೂ ನಾನು ಹೋಗಿದ್ದೇನೆ, ಬೇಡ ಅಂತ ಹೇಳುವ ಧೈರ್ಯ ಇದ್ದವರು ಅಲ್ಲಿ ಕಾಣಲಿಲ್ಲ. ನಾನು ಕೊಟ್ಟ 2,200ರಲ್ಲಿ ದೊಡ್ಡ ಪಾಲು ಆ ಒಂದು ಮಾತಿಗೇ ಸಲ್ಲಬೇಕು.

ಕೊನೆಯ ತುಂಡು ಸೋಮೇಶ್ವರದಿಂದ ಒತ್ತಿನೆಣೆಯ ಗುಡ್ಡಕ್ಕೆ. ಕೆಳಗೆ ಬಂಡೆ, ಮೇಲೆ ಮುರಕಲ್ಲಿನ ಬಯಲು, ಮಳೆ ಈಗಷ್ಟೇ ಮುಗಿದದ್ದರಿಂದ ಹುಲ್ಲು ಇನ್ನೂ ಹಸಿರು. ಮೇಲೆ ಅರಣ್ಯ ಇಲಾಖೆಯ ಕ್ಷಿತಿಜ ನೇಸರಧಾಮ ಇದೆ, ಅಲ್ಲಿಂದ ನಾವು ನಡೆದು ಬಂದ ತೀರ ತೆಂಕಿಗೆ ಉದ್ದಕ್ಕೆ ಕಾಣುತ್ತದೆ. ಹೆದ್ದಾರಿ ಅಗಲ ಮಾಡುವಾಗ ಕಡಿದ ಗುಡ್ಡದ ಗಾಯವೂ ಕಾಣುತ್ತದೆ, ಮಳೆಗಾಲದಲ್ಲಿ ಅಲ್ಲಿ ಮಣ್ಣು ಕುಸಿದು ವಾಹನ ನಿಂತದ್ದು ಉಡುಪಿಯವರಿಗೆ ಗೊತ್ತೇ ಇದೆ. ಸೂರ್ಯ ಮುಳುಗುವುದನ್ನು ನೋಡಲು ಜನ ಇಲ್ಲಿಗೆ ಬರುತ್ತಾರೆ. ನಮ್ಮ ನಡಿಗೆ ಬೆಳಿಗ್ಗೆಯೇ ಮುಗಿಯುವುದರಿಂದ ಅದು ಸಿಗುವುದಿಲ್ಲ, ಬೇಕಿದ್ದರೆ ಸಂಜೆವರೆಗೆ ಸ್ವಂತ ಖರ್ಚಿನಲ್ಲಿ ಉಳಿಯಬಹುದು.

ಹೋಗುವವರಿಗೆ ಕೆಲವು ವಿಷಯ. ಉಡುಪಿಯಿಂದ ಬೈಂದೂರಿಗೆ ಸುಮಾರು 70 ಕಿಲೋಮೀಟರ್, ಬಸ್ಸು ಬೇಕಾದಷ್ಟಿದೆ. ಆದರೆ ಬೆಳಿಗ್ಗೆ ಅಷ್ಟು ಬೇಗ ಹೊರಡಬೇಕಾದ್ದರಿಂದ ಹಿಂದಿನ ರಾತ್ರಿಯೇ ಅವರ ಮನೆ ಸೇರಬೇಕು, ಆ ರಾತ್ರಿಗೆ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ವಾಪಸ್ ಬರಲು ಮೂಕಾಂಬಿಕಾ ರೋಡ್ ಬೈಂದೂರು ಸ್ಟೇಷನ್ ಹತ್ತಿರ. ಶೂ ಬೇಡ, ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿ. ಕೊಡೇರಿ ಬಂದರಿನ ಹತ್ತಿರವೂ ದಂಡೆ ಬಿಟ್ಟು ರಸ್ತೆಯಲ್ಲಿ ಸುತ್ತಬೇಕಾಗುತ್ತದೆ, ಅಲ್ಲಿ ಬರಿಗಾಲಲ್ಲಿ ಆಗುವುದಿಲ್ಲ. ನೀರು ಎರಡು ಲೀಟರ್ ಇರಲಿ, ಒಂಬತ್ತು ಗಂಟೆಯ ಮೇಲೆ ಬಿಸಿಲು ಸುಡುತ್ತದೆ. ಹಸಿರು ನೋಡಬೇಕು ಅನ್ನುವವರು ಅಕ್ಟೋಬರ್ ಕೊನೆಗೆ ಕೇಳಿ, ಅಳಿವೆ ದಾಟಲೇಬೇಕು ಅನ್ನುವವರು ಡಿಸೆಂಬರಿಗೆ ಕೇಳಿ, ಅಷ್ಟೊತ್ತಿಗೆ ಹೊಳೆಯ ನೀರು ಇಳಿದು ಮರಳು ಜಾಸ್ತಿ ಕೂತಿರುತ್ತದೆ. ಅಣ್ಣ ಸಂಜೆ ಆರರ ನಂತರ ಮಾತ್ರ ಫೋನು ಎತ್ತುತ್ತಾರೆ, ಮೆಸೇಜಿಗೆ ಉತ್ತರ ಬರುವುದಿಲ್ಲ.